ನಡುವೆ ಕೂರಲು ಜಾಗ

ಮಾಮನ ಬಲ ಅಂಗೈಯಲ್ಲಿ ಹಳೆಯ ಎಂಟಾಣೆಯಷ್ಟು ಅಗಲದ ಸುಟ್ಟ ಕಲೆಯಿತ್ತು. ಉಡುಪಿ ಕಡೆಯಿಂದ ಮುಂಬಯಿಗೆ ಬಂದ ಹೊಸತರಲ್ಲಿ ಮಾಟುಂಗದ ಹೋಟೆಲೊಂದರಲ್ಲಿ ದೋಸೆ ಹುಯ್ಯುತ್ತಿದ್ದಾಗ ಆದದ್ದಂತೆ. ಆಮೇಲೆ ರೇಡಿಯೋ ರಿಪೇರಿ ಕಲಿತು, ಕೊನೆಗೆ ಸ್ಪೀಕರ್ ರಿಪೇರಿಯಲ್ಲೇ ನಿಂತುಬಿಟ್ಟರು. ಕೆಟ್ಟ ಸ್ಪೀಕರ್ ಬಂದರೆ ಮೊದಲು ಮೀಟರ್ ಹಿಡಿಯುತ್ತಿರಲಿಲ್ಲ. ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ ಆ ಅಂಗೈಯನ್ನು ಅದರ ಮೇಲಿಟ್ಟು ಕಣ್ಣು ಮುಚ್ಚುತ್ತಿದ್ದರು.

“ಕಾವಲಿ ಕಾದದ್ದು ಕಣ್ಣಿಗೆ ಕಾಣುವುದಿಲ್ಲ ಮಾರಾಯ್ರೆ, ಕೈಗೆ ಗೊತ್ತಾಗ್ತದೆ. ಇದೂ ಹಾಗೇ.”

ಮಾಟುಂಗದಲ್ಲಿ ಎಲ್ಲರಿಗೂ ಅವರು ಮಾಮ. ನಾನು ಧಾರವಾಡದವನು, ನಮ್ಮ ಕಡೆಯಾಗಿದ್ದರೆ ಕಾಕಾ ಅನ್ನುತ್ತಿದ್ದೆ. ಇಲ್ಲಿ ಬಂದು ನಾನೂ ಮಾಮ ಅಂದೆ. ಹಳೆಯ ಬಿಲ್ಡಿಂಗೊಂದರ ಮೆಟ್ಟಿಲ ಕೆಳಗೆ ಅವರ ಅಂಗಡಿ. ಒಳಗೆ ಅಂಟಿನ ವಾಸನೆ, ಗೋಡೆಗೆ ಒರಗಿಸಿಟ್ಟ ಸ್ಪೀಕರುಗಳು, ನಡುವೆ ಒಂದು ಬೆತ್ತದ ಕುರ್ಚಿ. ಹಾಡು ಕೇಳಲು ಬಂದವರು ಆ ಕುರ್ಚಿಯಲ್ಲಿ ಕೂರಬೇಕು. ಆದರೆ ಕೂತ ಕೂಡಲೇ ಹಾಡು ಹಾಕುತ್ತಿರಲಿಲ್ಲ. ಕಾಫಿ ತರಿಸಿ, ಫ್ಯಾನ್ ಆರಿಸಿ, ಹತ್ತು ನಿಮಿಷ ಸುಮ್ಮನೆ ಕೂರಿಸುತ್ತಿದ್ದರು. ಮೊದಲ ದಿನ ನಾನು ಗಡಿಯಾರ ನೋಡಿಕೊಂಡೆ.

“ಎಂತ ಅವಸರ? ನಿಮ್ಮ ಕಿವಿಯಲ್ಲಿ ಇನ್ನೂ ಲೋಕಲ್ ಓಡ್ತಾ ಉಂಟು. ಅದು ಸ್ಟೇಷನಿಗೆ ಬಂದು ನಿಲ್ಲಲಿ.”

ಅದು ನಿಜಕ್ಕೂ ನಿಲ್ಲುತ್ತಿತ್ತು. ಪರೇಲಿನ ಆಫೀಸು, ಬೊರಿವಲಿಯ ಗಾಡಿ, ಜನರ ಮೊಣಕೈ, ಎಲ್ಲ ಒಂದೊಂದಾಗಿ ಇಳಿದು ಹೋದ ಮೇಲೆ ಕಿವಿಯೊಳಗೆ ಒಂದು ಖಾಲಿ ಪ್ಲಾಟ್‌ಫಾರ್ಮ್ ಉಳಿಯುತ್ತಿತ್ತು. ಆಗ ಮಾಮ ಹಾಡು ಹಾಕುತ್ತಿದ್ದರು. ಎಷ್ಟೋ ಸಂಜೆ ನಾನು ಅಲ್ಲಿಂದ ಎದ್ದು ಬಂದದ್ದೇ ನೆನಪಿಲ್ಲ; ದಾದರಿನ ಸೇತುವೆಯ ಮೇಲೆ ಯಾರೋ ತಳ್ಳಿದಾಗ ಎಚ್ಚರಾಗುತ್ತಿತ್ತು.

ಅವರ ಪರಿಚಯ ಆದದ್ದು ನನ್ನ ಹೆಂಡತಿಯಿಂದ. ಅವಳು ಹಾಡುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಮಾಟುಂಗದ ಒಂದು ಸಣ್ಣ ಸಭಾಂಗಣದಲ್ಲಿ ಅವಳ ಕಛೇರಿ ಇತ್ತು. ಮೈಕು ನೋಡಿಕೊಳ್ಳುತ್ತಿದ್ದ ಮಾಮ, ಯಾರೂ ಹೇಳದೆಯೇ ಎರಡು ಮೈಕಿಟ್ಟು ಅದನ್ನು ರೆಕಾರ್ಡ್ ಮಾಡಿಕೊಟ್ಟಿದ್ದರು. ಅದೊಂದೇ ಉಳಿದದ್ದು. ಕೆಲವು ವರ್ಷಗಳ ಹಿಂದೆ ಅವಳ ಕುತ್ತಿಗೆಯಲ್ಲಿ ಗಂಟೊಂದು ಕಾಣಿಸಿಕೊಂಡು, ಆಪರೇಷನ್ ಮಾಡಿಸಬೇಕಾಯಿತು. ದನಿ ಹೋಗಬಹುದೆಂದು ಡಾಕ್ಟರು ಮೊದಲೇ ಹೇಳಿದ್ದರು. ಜೀವ ಉಳಿಯಿತು, ಕಂಠ ಒಡೆಯಿತು. ತರಕಾರಿಯವನ ಹತ್ತಿರ ಮಾತಾಡಲೂ ನಾಚಿಕೊಳ್ಳುವಷ್ಟು ಒಡಕಾಯಿತು.

ನಾನು ಹಟಮಾರಿ. ಅವಳಿಗೆ ಅವಳ ದನಿಯನ್ನು ವಾಪಸು ಕೇಳಿಸಿಯೇ ತೀರುತ್ತೇನೆಂದು ಹೊರಟೆ. ಆದರೆ ಮನೆಯಲ್ಲಿ ಆ ರೆಕಾರ್ಡಿಂಗ್ ಹಾಕಿದರೆ ಅವಳ ದನಿ ಹೊಗೆಯ ಹಾಗೆ ಕೋಣೆಯ ತುಂಬ ಚೆದುರಿಹೋಗುತ್ತಿತ್ತು. ಎಲ್ಲಿಂದ ಬರುತ್ತಿದೆ ಎನ್ನುವುದೇ ತಿಳಿಯದು. ಕೊಂಡ ಹೊಸತರಲ್ಲಿ ಅದೇ ಸ್ಪೀಕರುಗಳು ಎಷ್ಟು ಚೆನ್ನಾಗಿ ಹಾಡುತ್ತಿದ್ದವು! ಹಳತಾದವು ಅಂದುಕೊಂಡೆ. ಆಂಪ್ಲಿಫೈಯರ್ ಬದಲಿಸಿದೆ. ಗೋಡೆಗೆ ದಪ್ಪ ಪರದೆ ಕಟ್ಟಿದೆ. ನಾನು ಹಾಡು ಹಾಕಿದ ಕೂಡಲೇ ಅವಳು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸುತ್ತಿದ್ದಳು.

“ಬಂದ್ ಮಾಡ್ರಿ ಅದನ್ನ. ಅದು ನಾನಲ್ಲ. ಯಾವುದೋ ದೆವ್ವ ಹಾಡಿದಂಗ ಅನಸ್ತದ.”

“ಸ್ಪೀಕರ್ ಸರಿ ಇಲ್ಲ, ಅದಕ್ಕ ಹಂಗ ಕೇಳಸ್ತದ,” ಎಂದರೆ, “ಕುಣೀಲಿಕ್ಕೆ ಬರದಾಕಿ ನೆಲ ಡೊಂಕ ಅಂದ್ಲಂತ,” ಎಂದು ನಲ್ಲಿಯನ್ನು ಇನ್ನಷ್ಟು ಜೋರು ಮಾಡುತ್ತಿದ್ದಳು.

ಒಂದು ದಿನ ಶೋರೂಮಿಗೆ ಹೋಗಿ, ನನ್ನೆದೆಯೆತ್ತರದ ವಿದೇಶಿ ಸ್ಪೀಕರುಗಳ ಎದುರು ಕೂತು ಅದೇ ರೆಕಾರ್ಡಿಂಗ್ ಕೇಳಿದೆ. ಎರಡು ಪೆಟ್ಟಿಗೆಗಳ ನಡುವಿನ ಖಾಲಿ ಜಾಗದಲ್ಲಿ ಅವಳು ಬಂದು ಕೂತಳು. ತಂಬೂರಿ ಎಡಕ್ಕೆ, ತಬಲಾ ಬಲಕ್ಕೆ, ನಡುವೆ ಇಪ್ಪತ್ತೆಂಟರ ನನ್ನ ಹೆಂಡತಿ. ಕಣ್ಣಲ್ಲಿ ನೀರು ಬಂತು. ಬೆಲೆ ಕೇಳಿದಾಗ ಅದು ಹಾಗೇ ಇಂಗಿತು. ನನ್ನ ಹಳೆಯವನ್ನು ಎಕ್ಸ್‌ಚೇಂಜಿಗೆ ತಗೊಳ್ಳುತ್ತೇವೆ, ಸೋಮವಾರದೊಳಗೆ ಹೇಳಿ ಅಂದರು.

ಮಾಮನ ಹತ್ತಿರ ಓಡಿದೆ. ಹೂಂ ಅನ್ನಿಸಿಕೊಳ್ಳಲು ಹೋದವನೇ ಹೊರತು ಸಲಹೆ ಕೇಳಲು ಅಲ್ಲ. ಅವರು ಪೂರ್ತಿ ಕೇಳಿಸಿಕೊಂಡು ತಲೆ ತುರಿಸಿದರು.

“ತಗೊಳ್ಳಿ, ಬೇಡ ಹೇಳುವುದಿಲ್ಲ. ಆದರೆ ಇದ್ದದ್ದನ್ನು ಪೂರ್ತಿ ಕೇಳದೆ ಕಳಿಸಬಾರದು. ಭಾನುವಾರ ಬರ್ತೇನೆ.”

ಭಾನುವಾರ ಮಧ್ಯಾಹ್ನ ದಾದರಿನಲ್ಲಿ ಗಾಡಿ ಬದಲಿಸಿ ಬೊರಿವಲಿಗೆ ಬಂದರು. ಹೆಂಡತಿ ಕೊಟ್ಟ ಚಹಾ ಕುಡಿದು, ಹತ್ತು ನಿಮಿಷ ಸುಮ್ಮನೆ ಕೂತರು. ಬಿಸಿಲು ಕಿಟಕಿಯ ಪರದೆಯ ಸಂದಿಯಿಂದ ನೆಲಕ್ಕೆ ಬಿದ್ದಿತ್ತು. ಆಮೇಲೆ ಹಾಡು ಹಾಕಿದೆ. ಅವಳು ಎದ್ದು ಅಡುಗೆಮನೆಗೆ ಹೋದಳು. ಮಾಮ ಕೇಳಿದರೋ ಇಲ್ಲವೋ, ಅವಳು ಹೋದ ಬಾಗಿಲನ್ನೇ ನೋಡುತ್ತಿದ್ದರು.

“ಈ ವಯರ್ ಯಾರು ಹಾಕಿದ್ದು?”

“ನಾನರೀ ಮಾಮ. ಮನಿಗೆ ಪೇಂಟ್ ಮಾಡಿಸಿದಾಗ ಎಲ್ಲಾ ಬಿಚ್ಚಿ, ನಾನ ಹಾಕಿದೆ,” ಎಂದೆ ಜಂಬದಿಂದ.

ಅವರು ಟೀವಿಯ ರಿಮೋಟಿನಿಂದ ಒಂದು ಪೆನ್ಸಿಲ್ ಸೆಲ್ ತೆಗೆದರು. ಆಂಪ್ಲಿಫೈಯರಿನ ಹಿಂದಿನಿಂದ ವಯರುಗಳನ್ನು ಬಿಚ್ಚಿಸಿ, ಜಾಲರಿ ತೆಗೆದ ಸ್ಪೀಕರಿನ ಮೇಲೆ ಅಂಗೈಯನ್ನು ತಾಗಿಯೂ ತಾಗದ ಹಾಗೆ ಇಟ್ಟರು. ಸೆಲ್ಲಿಗೆ ವಯರಿನ ತುದಿ ಮುಟ್ಟಿಸಲು ನನಗೆ ಹೇಳಿದರು. ಮುಟ್ಟಿಸಿದೆ. ಟಪ್ ಎಂದಿತು. ಆಮೇಲೆ ಇನ್ನೊಂದಕ್ಕೆ. ಟಪ್. ನನಗೆ ಎರಡೂ ಒಂದೇ.

“ಕೈ ಇಡಿ,” ಎಂದರು. ಇಟ್ಟೆ. ಒಂದು ನನ್ನ ಅಂಗೈಯನ್ನು ಹೊರಗೆ ತಳ್ಳಿತು. ಇನ್ನೊಂದು ಒಳಗೆ ಸರಿಯಿತು.

“ಒಂದು ಉಸಿರು ಬಿಡುವಾಗ ಇನ್ನೊಂದು ಎಳೆದುಕೊಳ್ತದೆ. ಒಂದರ ವಯರ್ ನೀವು ಉಲ್ಟಾ ಹಾಕಿದ್ದೀರಿ. ಹೀಗೆ ಜಗಳ ಮಾಡಿದರೆ ನಡುವೆ ಹಾಡುವ ಅಮ್ಮನಿಗೆ ಕೂರಲು ಜಾಗ ಎಲ್ಲಿ?”

ಆರು ವರ್ಷ! ಪೇಂಟ್ ಮಾಡಿಸಿ ಆರು ವರ್ಷವಾಗಿತ್ತು. ನೆಲ ನೆಟ್ಟಗೇ ಇತ್ತು. ಕುಣಿಯಲು ಬಾರದವನು ನಾನೇ. ಅವರು ಆ ಸ್ಪೀಕರಿನ ಎರಡು ವಯರುಗಳನ್ನು ಅದಲುಬದಲು ಮಾಡಿ ಸಿಕ್ಕಿಸಿ, ಹಾಡು ಹಾಕಿ ಎಂದರು.

ತಂಬೂರಿ ಎಡಕ್ಕೆ ಹೋಯಿತು. ತಬಲಾ ಬಲಕ್ಕೆ. ಎರಡು ಪೆಟ್ಟಿಗೆಗಳ ನಡುವೆ, ಪರದೆ ಕಟ್ಟಿದ ಗೋಡೆಯ ಮುಂದೆ, ಯಾರೋ ಗಂಟಲು ಸರಿಮಾಡಿಕೊಂಡು ಷಡ್ಜ ಹಿಡಿದರು. ಅಡುಗೆಮನೆಯಲ್ಲಿ ನಲ್ಲಿ ನಿಂತಿತು. ಅವಳು ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು, ಆ ಖಾಲಿ ಜಾಗವನ್ನು ನೋಡುತ್ತ ನಿಂತಳು. ನೋಡುತ್ತ ನೋಡುತ್ತ ನೆಲದ ಮೇಲೆಯೇ ಕೂತಳು. ಹಾಡು ಮುಗಿಯುವವರೆಗೆ ನಾವು ಮೂವರೂ ಅಲುಗಲಿಲ್ಲ. ಬಿಸಿಲು ಮಾತ್ರ ನೆಲದಿಂದ ಗೋಡೆಗೆ ಹತ್ತಿತ್ತು.

“ಆ ದಿನ ನನಗ ನೆಗಡಿ ಆಗಿತ್ತು. ಕೇಳಸ್ತದ ನೋಡ್ರಿ,” ಎಂದಳು ತನ್ನ ಒಡಕು ದನಿಯಲ್ಲಿ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅದನ್ನು ‘ನಾನು’ ಅಂದಿದ್ದಳು.

ಸ್ಟೇಷನ್ನಿಗೆ ಬಿಡಲು ಹೋದಾಗ ಮಾಮನನ್ನು ಕೇಳಿದೆ, “ಹೆಂಗ ಕೇಳಸ್ತರೀ ಮಾಮ? ಶೋರೂಮಿನ ಅಷ್ಟು ಛಲೋ ಆತಲ್ಲ?”

ಅವರು ನಕ್ಕರು. “ನನ್ನ ಬಲಗಿವಿ ಹೋಗಿ ಎರಡು ವರ್ಷ ಆಯ್ತು. ಒಂದು ಕಿವಿಯವನಿಗೆ ನಡುವೆ ಯಾರೂ ಬಂದು ಕೂರುವುದಿಲ್ಲ ಮಾರಾಯ್ರೆ. ನಾನು ಅಮ್ಮನ ಮುಖ ನೋಡಿದೆ. ಸಾಕಲ್ವಾ?”

ಆ ಎರಡು ವರ್ಷವೂ ನಾನು ಅವರ ಅಂಗಡಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದೆ. ಅವರು ಎದುರಿಗೆ ಸ್ಟೂಲಿನ ಮೇಲೆ ಕೂತು ನನ್ನ ಮುಖ ನೋಡುತ್ತಿದ್ದರು. ಸೋಮವಾರ ಶೋರೂಮಿಗೆ ಫೋನ್ ಮಾಡಿ ಬೇಡ ಅಂದೆ.

ಹೋದ ವರ್ಷ ನವರಾತ್ರಿಯ ಹೊತ್ತಿಗೆ ಮಾಮ ತೀರಿಕೊಂಡರು. ನಿದ್ದೆಯಲ್ಲೇ ಹೋದರಂತೆ. ಅಂಗಡಿ ಖಾಲಿ ಮಾಡುವಾಗ ಅವರ ಮಗ ಟೆಂಪೋದಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು ಬೊರಿವಲಿಗೆ ಬಂದ. ಅವನ ಕನ್ನಡ ಅರ್ಧಂಬರ್ಧ. “ಪಪ್ಪ ಬೋಲೇ ಥೇ... ಇದು ಆಂಟಿಗೆ ಕೊಡ್ಬೇಕು ಅಂತ. ಅಂಕಲ್‌ಗೆ ಅಲ್ಲ, ಆಂಟಿಗೇ,” ಎಂದು ಒತ್ತಿ ಹೇಳಿ ಹೋದ.

ಅವತ್ತು ಸಂಜೆ ಅವಳು ಕುರ್ಚಿಯಲ್ಲಿ ಕೂತಳು. ನಾನು ಫ್ಯಾನ್ ಆರಿಸಿ, ಹತ್ತು ನಿಮಿಷ ಕಾದು, ಹಾಡು ಹಾಕಿದೆ. ಎರಡನೇ ಸಾಲಿಗೆ ಇನ್ನೊಂದು ದನಿ ಕೇಳಿಸಿತು. ತೀರ ಕೆಳಗಿನ, ಒಡೆದ ದನಿ, ಮೇಲೆ ಹತ್ತಲಾರದೆ ಷಡ್ಜವೊಂದನ್ನೇ ಹಿಡಿದುಕೊಂಡಿತ್ತು. ತಿರುಗಿದರೆ ನಿಲ್ಲಿಸಿಬಿಡುತ್ತಾಳೆಂದು ನಾನು ತಿರುಗಲಿಲ್ಲ. ಸ್ಪೀಕರಿನ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿಕೊಂಡೆ.