ಹಣ್ಣು ಹೂವಿಗೆ ಹೇಳಿದ್ದು

ಆ ಮನೆಯಲ್ಲಿ ಹಣ್ಣಿನ ಬುಟ್ಟಿ ಒಳಗಿದ್ದರೆ ಹೂದಾನಿ ಹೊರಗೆ. ಹೂದಾನಿ ಒಳಗೆ ಬಂತೋ, ಹಣ್ಣಿನ ಬುಟ್ಟಿ ಎದ್ದು ಹಿತ್ತಿಲಿಗೆ ಹೋಗಬೇಕು. ಎರಡಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ ಎಂದು ಬಂದವರು ನಗುತ್ತಿದ್ದರು. ಮನೆಯ ಯಜಮಾನ, ಮಾರುಕಟ್ಟೆಯವರೆಲ್ಲ ‘ಹದಗಾರ’ ಎಂದು ಕರೆಯುವ ಮುದುಕ, ನಗುತ್ತಿರಲಿಲ್ಲ. ಆ ಕಟ್ಟಳೆ ಮಾಡಿದವನು ಅವನೇ.

ಇವತ್ತು ಬೆಳಗಿನಿಂದ ಅವನು ಹೆಂಡತಿಯ ಹೂವಿನಂಗಡಿಯಲ್ಲಿ ಸ್ಟೂಲಿನ ಮೇಲೆ ಕುಳಿತಿದ್ದ. ಸಂಜೆಗೆ ಅಂಗಡಿ ಮುಚ್ಚಿದರೆ ಮತ್ತೆ ತೆಗೆಯುವುದಿಲ್ಲ. ಅವಳ ಮಂಡಿ ಇನ್ನು ನಿಂತು ಮಾಡುವ ಕೆಲಸಕ್ಕೆ ಒಪ್ಪುತ್ತಿಲ್ಲ. ಮಗಳು ಬಂದು ಖಾಲಿ ಬಕೆಟ್ಟುಗಳನ್ನು ತೊಳೆದು ಒಂದರೊಳಗೊಂದು ಇಡುತ್ತಿದ್ದಳು. ಹದಗಾರನ ಕಣ್ಣು ಮಾತ್ರ ಪಕ್ಕದ ಗೋಡೆಯ ಮೇಲೆ. ಅಲ್ಲಿ, ಸೂರಿನ ಕೆಳಗೆ, ಎಷ್ಟು ಸಲ ಸುಣ್ಣ ಬಳಿದರೂ ಗೋಡೆಯ ಬಣ್ಣಕ್ಕೆ ಹೊಂದದ ಒಂದು ಚೌಕವಿತ್ತು. ಒಂದು ಕಾಲಕ್ಕೆ ಅದು ಬೆಳಕಿಂಡಿ.

ಬೆಳಕಿಂಡಿಯ ಆಚೆಗಿದ್ದದ್ದು ಅವನ ಕೋಣೆ. ಹಸಿರು ಬಾಳೆಗೊನೆಗಳನ್ನು ಅಲ್ಲಿ ತೂಗುಹಾಕಿ, ನಡುನಡುವೆ ಕಳಿತ ಹಣ್ಣಿನ ಚಿಪ್ಪುಗಳನ್ನಿಟ್ಟು, ಬಾಗಿಲ ಸಂದಿಗೆ ಗೋಣಿ ತುರುಕಿ ಮುಚ್ಚುವುದು ಅವನ ತಂದೆಯ ಕಾಲದಿಂದ ಬಂದ ಪದ್ಧತಿ. ಕಳಿತದ್ದರ ಜೊತೆ ಕೂಡಿಟ್ಟರೆ ಕಾಯಿ ಬೇಗ ಬುದ್ಧಿ ಕಲಿಯುತ್ತದೆ ಎನ್ನುತ್ತಿದ್ದರು ತಂದೆ. ಹದಗಾರ ಬಾಗಿಲು ತೆಗೆದರೆ ಗೊನೆ ಬುಡದಿಂದ ತುದಿಯವರೆಗೂ ಒಂದೇ ಹಳದಿ. ಅವನ ಕೈಗುಣವೇ ಕೈಗುಣ ಎಂದು ಮಾರುಕಟ್ಟೆಯೆಲ್ಲ ಹೊಗಳುತ್ತಿತ್ತು. ಅವನೂ ಹೊಗಳಿಕೆಯನ್ನು ಬೇಡವೆನ್ನದೆ ಇಟ್ಟುಕೊಳ್ಳುತ್ತಿದ್ದ.

ಈಚೆಗಿದ್ದದ್ದು ಈ ಹೂವಿನಂಗಡಿ. ಆಗ ಅದು ಹೆಂಡತಿಯ, ಅಂದರೆ ಇನ್ನೂ ಮದುವೆಯಾಗದ ಹುಡುಗಿಯ, ಸೋದರತ್ತೆಯದು. ಅತ್ತೆ ದಿನವೂ ಬೆಳಗ್ಗೆ ಕಾರ್ನೇಷನ್ ಹೂಗಳನ್ನು ಕಟ್ಟುಕಟ್ಟಾಗಿ ತಂದು ಸೋದರಸೊಸೆಯ ಮುಂದೆ ಸುರಿದು ಹೋಗುತ್ತಿದ್ದಳು. ಹೂಗಳೋ, ಮಧ್ಯಾಹ್ನದ ಹೊತ್ತಿಗೆ ಎಸಳು ಒಳಕ್ಕೆ ಮಡಚಿಕೊಂಡು, ನಿದ್ದೆ ಬಂದ ಮಕ್ಕಳ ಹಾಗೆ ತಲೆ ತೂಗುತ್ತಿದ್ದವು. ನೀರು ಬದಲಿಸಿದಳು, ಕಾಂಡ ಓರೆಯಾಗಿ ಕತ್ತರಿಸಿದಳು, ಒದ್ದೆ ಬಟ್ಟೆ ಹೊದಿಸಿದಳು. ಊಹೂಂ. ಸಂಜೆ ಅತ್ತೆ ಬಂದು ಬಾಡಿದ ಹೂವನ್ನು ಕಾಲಲ್ಲಿ ಸರಿಸುತ್ತ ಹೇಳಿದ್ದನ್ನೇ ಹೇಳುತ್ತಿದ್ದಳು.

“ನಿನ್ನ ಕೈಗುಣಾನೇ ಸರಿಯಿಲ್ಲ ಕಣೆ. ಮುಟ್ಟಿದ್ದೆಲ್ಲ ಬಾಡುತ್ತೆ.”

ಬೆಳಕಿಂಡಿಯಿಂದ ಆ ಮಾತು ಹದಗಾರನಿಗೆ ಕೇಳುತ್ತಿತ್ತು. ಹುಡುಗಿಯನ್ನು ಸಮಾಧಾನ ಮಾಡಬೇಕು, ಮಾತು ಬಾರದು. ಬರುತ್ತಿದ್ದದ್ದು ಹಣ್ಣು ಒಂದೇ. ಅದಕ್ಕೆ ಕೋಣೆಯಲ್ಲೇ ಅತ್ಯಂತ ಕಳಿತ, ಘಮ್ಮೆನ್ನುವ ಚಿಪ್ಪನ್ನು ಆರಿಸಿ, ದಿನವೂ ತಂದು ಅವಳ ಮೇಜಿನ ಮೇಲೆ, ಹೂಗಳ ಮಗ್ಗುಲಲ್ಲೇ ಇಟ್ಟು ಓಡಿಬಿಡುತ್ತಿದ್ದ. ಹೂ ಬಾಡಿದಷ್ಟೂ ಅವಳ ಮುಖ ಬಾಡುವುದು. ಅವಳ ಮುಖ ಬಾಡಿದಷ್ಟೂ ಇವನು ದೊಡ್ಡ ಚಿಪ್ಪು ತರುವುದು. ಪ್ರೀತಿಗೆ ಕಣ್ಣಿಲ್ಲದಿದ್ದರೆ ಹೋಗಲಿ, ಈ ಮಹಾರಾಯನ ಪ್ರೀತಿಗೆ ಮೂಗೂ ಇರಲಿಲ್ಲ.

ಕೊನೆಗೆ ಅತ್ತೆ ಗಡುವು ಕೊಟ್ಟಳು. ಈ ತಿಂಗಳು ಹೀಗೇ ಆದರೆ ಅಂಗಡಿ ಬೇರೆಯವರಿಗೆ. ಇವಳು ದೂರದ ಚಿಕ್ಕಪ್ಪನ ಮನೆಗೆ ಹೋಗಿ ಪಾತ್ರೆ ಬೆಳಗುತ್ತ ಇರಲಿ. ಅದೇ ಹೊತ್ತಿಗೆ ಹದಗಾರ ಜ್ವರ ಬಂದು ಮಲಗಿದ. ಹಾಸಿಗೆ ಬಿಟ್ಟೆದ್ದು ಬಂದು ನೋಡಿದರೆ, ಹೂವಿನಾಕೆ ಎಂದೂ ಇಲ್ಲದ ನಗುಮುಖದಲ್ಲಿ ನಿಂತಿದ್ದಳು. ಅವಳ ಹಿಂದೆ ಬಕೆಟ್ಟುಗಳಲ್ಲಿ ಕಾರ್ನೇಷನ್ ಹೂಗಳು ಎದೆ ಸೆಟೆಸಿಕೊಂಡು ನಿಂತಿದ್ದವು.

“ಈ ವಾರ ಒಂದೂ ಬಾಡಿಲ್ಲ ನೋಡಿ,” ಎಂದಳು. “ನೀವಿಲ್ಲದಾಗ ನನ್ನ ಕೈ ಸರಿಹೋಯ್ತು.”

ತಮಾಷೆಗೆ ಅಂದದ್ದು. ಅವನಿಗೆ ಅದು ಮುಳ್ಳಿನಂತೆ ನಾಟಿತು. ಕೋಣೆಗೆ ಹೋಗಿ ಖಾಲಿ ಕೊಕ್ಕೆಗಳನ್ನು ನೋಡುತ್ತ ನಿಂತ. ತಾನಿಲ್ಲ, ಗೊನೆಯಿಲ್ಲ, ಚಿಪ್ಪಿಲ್ಲ. ಕಳಿತ ಹಣ್ಣು ಕಾಯಿಗೆ ಏನನ್ನೋ ಹೇಳುತ್ತದೆ ಎಂದು ಹುಟ್ಟಿದಾಗಿನಿಂದ ಕೇಳಿದ್ದ. ಅದನ್ನು ಹೂವೂ ಕೇಳಿಸಿಕೊಂಡೀತು ಎಂದು ಒಮ್ಮೆಯೂ ಹೊಳೆದಿರಲಿಲ್ಲ.

ಹೊಸ ಗೊನೆಗಳು ಬಂದು ಬಣ್ಣ ತಿರುಗುತ್ತಲೇ ಅವನು ಅವಳಿಂದಲೇ ಒಂದು ಕಟ್ಟು ಹೂ ಕೊಂಡ. “ಯಾರಿಗೆ?” ಎಂದಳು. “ಹೀಗೇ... ಬೇಕಿತ್ತು,” ಎಂದು ತೊದಲಿದ. ಹೂವಿನಾಕೆ ಮುಖ ದಪ್ಪ ಮಾಡಿಕೊಂಡಳು. ಮಾರನೆಯ ದಿನ ಅವನಿಗೆ ಬೆನ್ನು ಹಾಕಿಯೇ ಹೂ ಕಟ್ಟಿದಳು. ಅಷ್ಟರಲ್ಲಿ ಅವನ ಕೋಣೆಯಲ್ಲಿ, ಗೊನೆಗಳ ಕೆಳಗಿಟ್ಟ ಹೂಗಳು ಒಂದೂ ಬಿಡದೆ ಎಸಳು ಮಡಚಿ ಮಲಗಿದ್ದವು.

ಹೇಳಿದರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಅವಳು ಅಂಗಡಿಯನ್ನು ಬೇರೆ ಬೀದಿಗೆ ಒಯ್ದಾಳು. ತನ್ನ ಮುಖ ಮತ್ತೆ ನೋಡದೆಯೂ ಇದ್ದಾಳು. ಹೇಳದಿದ್ದರೆ ತಿಂಗಳ ಕೊನೆಗೆ ಹೇಗೂ ಹೋಗುತ್ತಾಳೆ, ತನ್ನ ಕೈಯನ್ನು ತಾನೇ ಶಪಿಸುತ್ತ. ಅವನು ಬಾಡಿದ ಕಟ್ಟನ್ನು ಹಿಡಿದು ಅವಳ ಮೇಜಿನ ಮುಂದೆ ಹೋಗಿ ನಿಂತ.

“ತಪ್ಪು ನಿಮ್ಮ ಕೈಯದಲ್ಲ,” ಎಂದ. “ನನ್ನ ಹಣ್ಣಿಂದು, ಬೆಳಕಿಂಡಿಯಿಂದ ಬರೋ ಅದರ ಗಾಳೀದು. ನಾನು ತಂದಿಡ್ತಿದ್ದೆನಲ್ಲ, ಅದರದ್ದೂ.”

ಅವಳು ಬೈಯುತ್ತಾಳೆ ಎಂದುಕೊಂಡಿದ್ದ. ಅವಳು ತನ್ನ ಎರಡೂ ಕೈಗಳನ್ನು ಮೇಜಿನ ಮೇಲೆ ಅಂಗಾತ ಇಟ್ಟು, ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿದಳು. ನೋಡುತ್ತ ನೋಡುತ್ತ ಕಣ್ಣಲ್ಲಿ ನೀರು ಬಂತು.

“ನಿಜವಾಗ್ಲೂ ಈ ಕೈಯದಲ್ಲ ಅಲ್ವಾ?” ಎಂದು ಕೇಳಿದಳು.

“ಅಲ್ಲ,” ಎಂದ. ಅಂದೇ ಏಣಿ ಹಾಕಿ ಬೆಳಕಿಂಡಿಗೆ ಇಟ್ಟಿಗೆ ಇಟ್ಟ. ವಾರದೊಳಗೆ ಕೋಣೆಯನ್ನೂ ಮಾರುಕಟ್ಟೆಯ ಆಚೆ ತುದಿಗೆ ಸಾಗಿಸಿದ. ಹೊಸ ಕೋಣೆಯ ಗಾಳಿ ಕೈಗೆ ಹತ್ತುವವರೆಗೆ ಗೊನೆಗಳು ಒಂದು ಮಗ್ಗುಲು ಹಸಿರು, ಒಂದು ಮಗ್ಗುಲು ಕಪ್ಪು. ಹದಗಾರನ ಹದ ತಪ್ಪಿತು ಎಂದು ಜನ ಆಡಿಕೊಂಡರು. ಹೂವಿನಾಕೆ ಒಬ್ಬಳು ಅಷ್ಟು ದೂರ ನಡೆದು ಬಂದು ಆ ಅರೆಗಾಯಿಯನ್ನೇ ಕೊಂಡು, ಅಲ್ಲೇ ನಿಂತು ತಿಂದು, ಕೈತೊಳೆದುಕೊಂಡು ಹೋಗುತ್ತಿದ್ದಳು. ಅಂಥ ಒಗರು ಕಾಯಿ ತಿನ್ನುವವಳನ್ನು ಬಿಡಬಾರದು ಎಂದು ಅವನಿಗೂ ಅನ್ನಿಸಿತು. ಅತ್ತೆಯೇ ಮುಂದೆ ನಿಂತು ಮದುವೆ ಮಾಡಿಸಿದಳು, ಮೊದಲಿನಿಂದಲೂ ತನಗೆ ಗೊತ್ತಿತ್ತು ಎಂಬ ಮುಖ ಹೊತ್ತು.

ಅಂದಿನಿಂದ ಅವನು ಅಂಗಡಿಗೆ ಬರುವುದಾದರೆ ಅಂಗಿ ಬದಲಿಸಿ, ಬರಿಗೈಯಲ್ಲಿ ಬರುತ್ತಿದ್ದ. ಊರಿಗೆಲ್ಲ ಹಣ್ಣು ಕೊಟ್ಟವನು ಕಟ್ಟಿಕೊಂಡವಳ ಮೇಜಿಗೆ ಒಂದು ಹಣ್ಣು ತರಲಾಗಲಿಲ್ಲ. ಹೇಳಿಕೊಳ್ಳುವಷ್ಟು ದೊಡ್ಡ ನೋವಲ್ಲ. ಆದರೂ ನೋವೇ.

ಮಗಳು ದೊಡ್ಡವಳಾಗಿ ಗಿಡಗಳ ವಿಷಯ ಓದಿ, ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ ಮೇಲೆ ಒಂದು ರಜೆಯಲ್ಲಿ ಇದನ್ನು ಬಿಡಿಸಿ ಹೇಳಿದಳು. ಕಳಿತ ಹಣ್ಣು ಬಿಡುವ ಗಾಳಿಗೆ ಎಥಿಲೀನ್ ಎಂದು ಹೆಸರು.

“ಗಿಡದ ಒಂದೊಂದು ಕಣದಲ್ಲೂ ಎಲ್ಲಾ ಜೀನೂ ಇರ್ತವಪ್ಪ,” ಎಂದಿದ್ದಳು. “ಆದ್ರೆ ಎಲ್ಲಾ ಒಟ್ಟಿಗೆ ಕೆಲಸ ಮಾಡಲ್ಲ. ಬೆಳಕು, ಚಳಿ, ಬೆಳೆದ ವಯಸ್ಸು, ಇಂಥ ಗಾಳಿ, ಇವು ಬಂದು ತಟ್ಟಿದಾಗ ಕೆಲವು ಏಳ್ತವೆ, ಕೆಲವು ಮಲಗ್ತವೆ. ಬಾಳೆಕಾಯಲ್ಲಿ ಮೆತ್ತಗೆ ಮಾಡೋ ಜೀನು, ಸಿಹಿ ಮಾಡೋ ಜೀನು ಏಳ್ತವೆ. ಕಾರ್ನೇಷನ್‌ನಲ್ಲಿ ಬಾಡಿಸೋ ಜೀನು ಏಳ್ತವೆ. ಗಾಳಿ ಒಂದೇ.”

“ಹೂವಿಗೆ ಬಾಡೋ ಜೀನು ದೇವರು ಯಾಕಿಟ್ಟಿರ್ತಾನೆ?” ಎಂದು ಹೂವಿನಾಕೆ ಕೇಳಿದ್ದಳು.

“ಬೀಜ ಕಟ್ಟೋ ಕೆಲಸ ಶುರುವಾದ್ರೆ ಹೂ ತಾನೇ ಆ ಗಾಳಿ ಬಿಡುತ್ತಮ್ಮ. ಎಸಳಿನ ಕೆಲಸ ಮುಗೀತು, ಇನ್ನು ಸಾಕು ಅಂತ. ಅಪ್ಪನ ಹಣ್ಣು ಅದನ್ನೇ ಸ್ವಲ್ಪ ಬೇಗ ಹೇಳ್ತಿತ್ತು.”

ಅಂದು ಹೂವಿನಾಕೆ ತುಂಬ ನಕ್ಕಿದ್ದಳು. ಇವತ್ತು ಆ ನಗು ನೆನಪಾಗಿ ಹದಗಾರ ಸ್ಟೂಲಿನಿಂದ ಎದ್ದು ಹೊರಗೆ ಹೋದ.

ಮರಳಿ ಬಂದಾಗ ಕೊನೆಯ ಗಿರಾಕಿ ಹೋಗಿಯಾಗಿತ್ತು. ಮೇಜು ಒರೆಸಿ ಒಣಗಿತ್ತು. ಒಂದೇ ಒಂದು ಕೆಂಪು ಕಾರ್ನೇಷನ್ ಲೋಟದಲ್ಲಿ ಉಳಿದಿತ್ತು. ಅವನು ಕೈಚೀಲದಿಂದ ಚುಕ್ಕೆ ಬಿದ್ದ, ಘಮ್ಮೆನ್ನುವ ಒಂದು ಚಿಪ್ಪು ತೆಗೆದು ಮೇಜಿನ ಮೇಲಿಟ್ಟ. ಓಡಿಹೋಗಲಿಲ್ಲ. ಓಡುವ ಕಾಲೂ ಉಳಿದಿರಲಿಲ್ಲ.

ಮಗಳು ತಟ್ಟನೆ ಹೂವಿನ ಲೋಟಕ್ಕೆ ಕೈಚಾಚಿದಳು, ಆಚೆ ಒಯ್ಯಲು. ಹುಟ್ಟಿದಾಗಿನಿಂದ ರೂಢಿಯಾದದ್ದು.

“ಇರ್ಲಿ ಬಿಡೆ,” ಎಂದಳು ಹೂವಿನಾಕೆ. ಗಂಟು ಬಿದ್ದ ಬೆರಳುಗಳಲ್ಲಿ ನಿಧಾನವಾಗಿ ಒಂದು ಹಣ್ಣು ಸುಲಿದು, ಅರ್ಧ ಮುರಿದು ಗಂಡನ ಕೈಗಿಟ್ಟಳು. “ಅದರ ಕೆಲಸಾನೂ ಮುಗೀತು. ಕೂತ್ಕೊಳ್ರೀ.”