ಹೆಸರು ಹಿಡಿದು ಬೇಡುವವಳು

ನನ್ನ ಹೆಂಡತಿ ಕೃಪಾವತಿ ಮೂವತ್ತೊಂದು ವರ್ಷ ಸರ್ಕಾರಿ ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದವಳು. ಬಿಸಿಲಿನಲ್ಲಿ ನಾನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ಗಂಟಲು ಅದು. ನಿವೃತ್ತಿಯಾದ ಮೇಲೆ ಆ ಗಂಟಲಿಗೆ ಉಳಿದ ಕೆಲಸ ಎರಡೇ. ವಾರದಲ್ಲಿ ಆರು ದಿನ ನನ್ನನ್ನು ಬೈಯುವುದು, ಭಾನುವಾರ ನಮ್ಮ ಚರ್ಚಿನಲ್ಲಿ ಮಧ್ಯಸ್ಥ ಪ್ರಾರ್ಥನೆ ನಡೆಸುವುದು. ಮೊದಲನೆಯದನ್ನು ನಾನು ಸಹಿಸಿಕೊಂಡಿದ್ದೇನೆ, ಎರಡನೆಯದನ್ನು ಇಡೀ ಸಭೆ ಸಹಿಸಿಕೊಂಡಿದೆ.

ಮಧ್ಯಸ್ಥ ಪ್ರಾರ್ಥನೆ ಎಂದರೆ, ಎಲ್ಲರ ಪರವಾಗಿ ಒಬ್ಬರು ಮೈಕಿನ ಮುಂದೆ ನಿಂತು ಲೋಕದ ಕಷ್ಟಗಳನ್ನು ದೇವರ ಮುಂದಿಡುವುದು. ಬೇರೆ ಕಡೆ ನಾಲ್ಕು ನಿಮಿಷದಲ್ಲಿ ಮುಗಿಯುತ್ತದೆ. ಕಾಯಿಲೆಯವರು, ಅನಾಥರು, ಅಧಿಕಾರದಲ್ಲಿರುವವರು, ಆಮೆನ್. ನಮ್ಮಲ್ಲಿ ಹನ್ನೊಂದು ನಿಮಿಷ. ಯಾಕೆಂದರೆ ನನ್ನ ಹೆಂಡತಿ ಯಾರನ್ನೂ ಗುಂಪಿನಲ್ಲಿ ದೇವರಿಗೆ ಒಪ್ಪಿಸುವುದಿಲ್ಲ. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು, ವಿಳಾಸ ಹೇಳಿ, ಏನು ಬೇಕೆಂದು ಬಿಡಿಸಿ ಹೇಳುತ್ತಾಳೆ. "ಕರ್ತನೇ, ಎರಡನೇ ಕ್ರಾಸಿನ ಬೆಟ್ಟಮ್ಮನವರ ಎಡಮಂಡಿ. ಬಲಮಂಡಿಯನ್ನು ಹೋದ ತಿಂಗಳೇ ವಾಸಿ ಮಾಡಿದ್ದೀ, ಅದಕ್ಕೆ ವಂದನೆ. ಈಗ ಎಡದ್ದು." ಒಮ್ಮೆ ನಮ್ಮ ಬೀದಿಗೆ ನೀರು ಬಿಡುವವನ ಹೆಸರು ಹೇಳಿ, ಅವನನ್ನು ಬೆಳಿಗ್ಗೆ ಐದಕ್ಕೆ ಎಬ್ಬಿಸು ತಂದೆ ಎಂದು ಬೇಡಿಕೊಂಡಳು. ಮುನ್ನೂರು ಜನ ಕಣ್ಣು ಮುಚ್ಚಿಕೊಂಡೇ ಭುಜ ಕುಣಿಸಿ ನಕ್ಕರು. ಆ ವಾರ ನೀರು ಹೊತ್ತಿಗೆ ಸರಿಯಾಗಿ ಬಂತು. ದೇವರೇ ಎಬ್ಬಿಸಿದನೋ, ಸಭೆಯವರು ಯಾರಾದರೂ ಹೋಗಿ ಅವನ ಕಿವಿಗೆ ಹಾಕಿದರೋ, ನಾನು ವಿಚಾರಿಸಲು ಹೋಗಲಿಲ್ಲ.

ನಮಗೆ ಮಕ್ಕಳಿಲ್ಲ. ಸೋಮವಾರ ಬೆಳಿಗ್ಗೆ ಒಂದು ನೋಟ್‌ಬುಕ್ ಹಿಡಿದು ಹೊರಟಳೆಂದರೆ ಕುಂಬಾರಕೊಪ್ಪಲಿನ ಬೀದಿಬೀದಿ ಸುತ್ತಿ, ಯಾರಿಗೆ ಕೆಮ್ಮು, ಯಾರ ಮಗಳಿಗೆ ಪರೀಕ್ಷೆ, ಯಾರ ಮನೆಯಲ್ಲಿ ಅತ್ತೆ ಸೊಸೆ ಮಾತು ಬಿಟ್ಟಿದ್ದಾರೆ ಎಲ್ಲವನ್ನೂ ಬರೆದುಕೊಂಡು ಬರುತ್ತಾಳೆ. ಜಾತಿ ಮತ ಏನೂ ಕೇಳುವುದಿಲ್ಲ. ಇಪ್ಪತ್ತಾರು ವರ್ಷದಿಂದ ಹೀಗೆ, ಕೆಲಸದಲ್ಲಿದ್ದಾಗ ಶಾಲೆ ಬಿಟ್ಟ ಮೇಲೆ, ಈಗ ಬೆಳಿಗ್ಗೆಯೇ. ಆ ಹನ್ನೊಂದು ನಿಮಿಷಕ್ಕಾಗಿಯೇ ಅವಳು ವಾರವಿಡೀ ಬದುಕುತ್ತಾಳೆ ಎಂದರೆ ಅದರಲ್ಲಿ ಉತ್ಪ್ರೇಕ್ಷೆ ಇಲ್ಲ. ನಾನು ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿ ನಿವೃತ್ತನಾದ ಪ್ರೇಮ್‌ಕುಮಾರ್, ಮನೆಯಲ್ಲಿ ಬೇಳೆ ಬೇಯಿಸಿ ಅವಳಿಗಾಗಿ ಕಾಯುವವನು.

ಹೀಗಿರುವಾಗ, ಮುಂದಕ್ಕೆ ಹಾಕಿ ಹಾಕಿ ಸಾಕಾಗಿ, ಕೊನೆಗೂ ಕಾರ್ಪೊರೇಷನ್ ಚುನಾವಣೆ ಬಂತು. ನಮ್ಮ ವಾರ್ಡಿಗೆ ಲೆಕ್ಕಕ್ಕೆ ಬರುವವರು ಇಬ್ಬರೇ. ಒಬ್ಬಳು ವರ್ಷಿಣಿ. ಇನ್ನೊಬ್ಬ ನಮ್ಮ ಪಕ್ಕದ ಮನೆ ಪಾರ್ವತಮ್ಮನ ಮಗ ಗುರುಕಿರಣ್. ಅವನ ಪಕ್ಷದ ದೊಡ್ಡವರೊಬ್ಬರು ಹೋದ ವರ್ಷ ವೇದಿಕೆಯ ಮೇಲೆ ನಿಂತು ನಮ್ಮಂಥ ಕ್ರೈಸ್ತರ ಬಗ್ಗೆ ಅನ್ನಬಾರದ್ದನ್ನು ಅಂದಿದ್ದರು. ನನಗೂ ಆ ಮಾತು ಚುಚ್ಚಿತ್ತು, ಸುಳ್ಳು ಯಾಕೆ ಹೇಳಲಿ. ಹಾಗಾಗಿ ನಮ್ಮ ಚರ್ಚಿನಲ್ಲಿ ಪೂರ್ತಿ ವರ್ಷಿಣಿಯದೇ ಗಾಳಿ. ಕಾಂಪೌಂಡ್ ಗೋಡೆ ಕಟ್ಟಿಸಿಕೊಡುತ್ತೇನೆ ಎಂದೂ ಅವಳು ಹೇಳಿದ್ದಳು, ಗಾಳಿ ಇನ್ನಷ್ಟು ಜೋರಾಗಿತ್ತು.

ಒಂದು ಬೆಳಿಗ್ಗೆ ಪಾರ್ವತಮ್ಮ ಹಣೆ ತುಂಬ ವಿಭೂತಿ ಹಚ್ಚಿಕೊಂಡು ನಡುಗೋಡೆಯ ಮೇಲಿಂದ ಇಣುಕಿದರು. ನಾನು ಅಲ್ಲೇ ಗಿಡಕ್ಕೆ ನೀರು ಹಾಕುತ್ತಿದ್ದೆ.

"ಕೃಪಮ್ಮ, ನಂಜನಗೂಡಲ್ಲಿ ಅಭಿಷೇಕ ಮಾಡಿಸ್ದೆ, ಬೆಟ್ಟಕ್ಕೆ ಮೆಟ್ಟಿಲು ಹತ್ತಿ ಹೋಗ್ಬಂದೆ, ಉದಯಗಿರೀಲಿ ನಮ್ಮ ಟೈಲರ್ ಸಾಬ್ರ ಕೈಲಿ ದುವಾನೂ ಮಾಡಿಸ್ದೆ. ಇನ್ನು ನಿಮ್ಮ ಯೇಸುಸ್ವಾಮಿ ಒಬ್ರೇ ಬಾಕಿ. ಭಾನ್ವಾರ ಮೈಕಲ್ಲಿ ನಮ್ಮ ಗುರು ಹೆಸರು ಒಂದ್ಸಲ ಹೇಳ್ಬುಡು."

"ಹೇಳ್ತೀನಿ ಪಾರ್ವತಕ್ಕ," ಎಂದಳು ನನ್ನವಳು. "ಆದ್ರೆ ಓಟು ಮಾತ್ರ ನಿಮ್ಮ ಮಗನಿಗಿಲ್ಲ."

ನನ್ನ ಕೈಯಲ್ಲಿದ್ದ ಚೊಂಬು ಜಾರಿ ಕಾಲ ಮೇಲೆ ಬಿತ್ತು. ಪಾರ್ವತಮ್ಮ ಮಾತ್ರ ನಿಂತಲ್ಲೇ ನಿಂತರು.

"ಯಾಕಮ್ಮ?"

"ಅವರ ಪಾರ್ಟಿಯೋರು ನಮ್ಮನ್ನ ಅಷ್ಟೆಲ್ಲ ಅಂದಾಗ ಅವನು ತುಟಿ ಬಿಚ್ಚಲಿಲ್ಲ. ನಮ್ಮನೆ ಕ್ರಿಸ್ಮಸ್ ಕಜ್ಜಾಯ ತಿಂದು ಬೆಳೆದೋನು. ನಂಗೆ ನೋವಾಗಿದೆ ಪಾರ್ವತಕ್ಕ."

ಪಾರ್ವತಮ್ಮ ಸ್ವಲ್ಪ ಹೊತ್ತು ಗೋಡೆಯ ಪಾಚಿ ಕೆರೆದರು. "ಅದೂ ಸರಿಯೇ ಬುಡು. ನಿನ್ನದು ಒಂದು ಓಟು, ಹೋದ್ರೆ ಹೋಗ್ಲಿ. ಪ್ರಾರ್ಥನೆ ಮಾತ್ರ ತಪ್ಪಿಸ್ಬೇಡ ಕಣಮ್ಮ. ನಾನೇ ಬಂದು ಕೂತ್ಕೊಂಡು ಕೇಳ್ತೀನಿ."

ಪಾರ್ವತಮ್ಮನಿಗೆ ಗೊತ್ತಾದ ವಿಷಯ ಗುಟ್ಟಾಗಿ ಉಳಿದ ಚರಿತ್ರೆಯೇ ಇಲ್ಲ. ಸಂಜೆಯೊಳಗೆ ನಮ್ಮ ಚರ್ಚಿನ ಕಾರ್ಯದರ್ಶಿ ದೇವಯ್ಯನವರು ಮನೆಗೆ ಬಂದರು. ಕಾಫಿ ಬೇಡವೆಂದರು. ನಮ್ಮ ಮನೆಯ ಕಾಫಿಯನ್ನು ಬೇಡವೆನ್ನುವ ಮನುಷ್ಯನಲ್ಲ ಅವರು, ಬಂದ ವಿಷಯ ಆಗಲೇ ನನಗೆ ಗೊತ್ತಾಯಿತು.

"ಟೀಚರ್, ಆ ಹೆಸರು ನಮ್ಮ ಮೈಕಲ್ಲಿ ಬರಬಾರದು."

"ಮೈಕಲ್ಲಿ ನಾನು ಓಟು ಕೇಳ್ತೀನಾ ಸರ್? ಪ್ರಾರ್ಥನೆ ತಾನೇ."

"ನಮ್ಮನ್ನ ಬೈದೋರ ಪಾರ್ಟಿ ಅದು."

"ಹಾಗಾದ್ರೆ ಅವರಿಗೇ ಜಾಸ್ತಿ ಬೇಕು."

ದೇವಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು. "ಆ ಭಾಷಣ ಆದ ಮಾರನೇ ದಿನ ನನ್ನ ಮೊಮ್ಮಗಳು ಸ್ಕೂಲಿಂದ ಬಂದು, ತಾತ, ನಾವು ಯಾವ ದೇಶದೋರು ಅಂತ ಕೇಳಿದಳು. ನಮ್ಮಜ್ಜನ ಸಮಾಧಿ ಇದೇ ಊರಲ್ಲಿದೆ ಟೀಚರ್. ಏನು ಹೇಳ್ಬೇಕಿತ್ತು ನಾನು?"

ಕನ್ನಡಕ ಮತ್ತೆ ಹಾಕಿಕೊಂಡು ಎದ್ದು ನಿಂತರು. "ಆ ಹೆಸರು ಬಂದರೆ ಮುಂದಿನ ವಾರದಿಂದ ಬೇರೆಯವರು ಪ್ರಾರ್ಥನೆ ಮಾಡ್ತಾರೆ. ಇದು ಕಮಿಟಿ ತೀರ್ಮಾನ."

ಅವರು ಹೋದ ಮೇಲೆ ನನ್ನವಳು ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆಯಲು ಕೂತಳು. ನಾನು ಬುದ್ಧಿವಂತನ ಹಾಗೆ ಹತ್ತಿರ ಹೋಗಿ, "ಹೀಗೆ ಮಾಡು, ಎಲ್ಲಾ ಅಭ್ಯರ್ಥಿಗಳನ್ನೂ ಆಶೀರ್ವದಿಸು ಅಂದುಬಿಡು. ಹಾವೂ ಸಾಯಲ್ಲ, ಕೋಲೂ..." ಎನ್ನುವಷ್ಟರಲ್ಲಿ ಸೌಟು ಎತ್ತಿದಳು.

"ಅಟೆಂಡೆನ್ಸ್ ಕರೆಯೋವಾಗ ಎಲ್ಲಾ ಮಕ್ಕಳೂ ಅಂತ ಒಂದೇ ಸಲ ಕೂಗ್ತಾರೇನ್ರೀ? ಹಾಗೆ ಕೂಗಿದ್ರೆ ಯಾರು ಬಂದಿಲ್ಲ ಅಂತ ಹೆಂಗೆ ಗೊತ್ತಾಗತ್ತೆ?"

"ಮೈಕು ಹೋಗುತ್ತೆ ಕಣೇ."

"ಗೊತ್ತು," ಎಂದು ಅದೇ ಸೌಟನ್ನು ಮತ್ತೊಮ್ಮೆ ತೊಳೆದಳು. ನನಗೆ ದೇವಯ್ಯನ ಮೇಲೆ ಎಂಥಾ ಸಿಟ್ಟು ಬಂತೆಂದರೆ, ಅವರಿಗೆ ಬೇಡವಾಗಿದ್ದ ಕಾಫಿಯನ್ನೂ ನಾನೇ ಕುಡಿದುಬಿಟ್ಟೆ.

ಭಾನುವಾರ ಪಾರ್ವತಮ್ಮ ಜರಿಯಂಚಿನ ರೇಷ್ಮೆ ಸೀರೆ ಉಟ್ಟು, ತೆಂಗಿನಕಾಯಿ, ಬಾಳೆಹಣ್ಣು, ಊದಿನಕಡ್ಡಿಯ ತಟ್ಟೆ ಹಿಡಿದು ಬಂದು ಮೊದಲನೇ ಸಾಲಿನಲ್ಲೇ ಕೂತರು. ತಟ್ಟೆಯನ್ನು ಎಲ್ಲಿಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಕಾಯಿ ಒಡೆಯುವುದು ಯಾವಾಗ ಎಂದು ಅವರು ಪಕ್ಕದವರನ್ನು ಎರಡು ಸಲ ಕೇಳಿದರು. ಕೊನೆಗೆ ನಮ್ಮ ಅಯ್ಯನವರು, ಅಂದರೆ ಪಾದ್ರಿಗಳು, ಇಳಿದು ಬಂದು ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹೋಗಿ ಹೂದಾನಿಯ ಪಕ್ಕ ಇಟ್ಟರು. ಪಾರ್ವತಮ್ಮ ತೃಪ್ತಿಯಿಂದ ಸೆರಗು ಸರಿಮಾಡಿಕೊಂಡರು.

ಕೃಪಾ ಮೈಕಿನ ಮುಂದೆ ನಿಂತಳು. ಕಾಯಿಲೆಯವರಾಯಿತು, ಪರೀಕ್ಷೆಯವರಾಯಿತು. ಬೆಟ್ಟಮ್ಮನ ಎಡಮಂಡಿಗೂ ವಂದನೆ ಸಂದಾಯವಾಯಿತು. ಆಮೇಲೆ ಗಂಟಲು ಸರಿಮಾಡಿಕೊಂಡಳು.

"ಕರ್ತನೇ, ಈಗ ಚುನಾವಣೆ ವಿಷಯ. ವರ್ಷಿಣಿ. ಒಳ್ಳೇ ಕೆಲಸಗಾತಿ, ಆ ಚುರುಕು ನೀನೇ ಕೊಟ್ಟದ್ದು. ಆದರೆ ಫೋಟೊದವರು ಬರುವ ತನಕ ಸಹಾಯ ಶುರು ಮಾಡುವುದಿಲ್ಲ. ಆ ಆಸೆಯನ್ನು ಸ್ವಲ್ಪ ಕಡಿಮೆ ಮಾಡು."

ಭುಜಗಳು ಕುಣಿದವು.

"ಗುರುಕಿರಣ್."

ಕುಣಿಯುತ್ತಿದ್ದ ಭುಜಗಳು ನಿಂತವು. ನಾನು ಒಂದು ಕಣ್ಣು ತೆರೆದು ನೋಡಿದೆ. ದೇವಯ್ಯನವರು ಎರಡೂ ಕಣ್ಣು ತೆರೆದಿದ್ದರು.

"ಪಾರ್ವತಮ್ಮನವರ ಮಗ. ಎಂಟು ವರ್ಷದವನಿದ್ದಾಗ ನಮ್ಮ ಕಿಟಕಿ ಗಾಜು ಒಡೆದು, ಆಂಟಿ, ನಾನೇ ಒಡೆದದ್ದು ಅಂತ ತಾನೇ ಬಂದು ಹೇಳಿದವನು. ಆ ಬಾಯಿ ಈಗ ಎಲ್ಲಿ ಹೋಯಿತೋ. ತನ್ನವರು ತಪ್ಪು ಮಾತಾಡಿದಾಗ ತಪ್ಪು ಅನ್ನುವ ಬಾಯನ್ನು ಅವನಿಗೆ ವಾಪಸು ಕೊಡು. ಗೆದ್ದರೂ ಕೊಡು, ಸೋತರೂ ಕೊಡು."

"ಹೌದಪ್ಪ ಸ್ವಾಮಿ, ಕೊಟ್ಬುಡು," ಎಂದರು ಪಾರ್ವತಮ್ಮ, ಮೈಕಿಲ್ಲದೆಯೇ ಮೈಕಿನಷ್ಟು ಜೋರಾಗಿ. ಕೀಬೋರ್ಡಿನ ಹುಡುಗಿ ಬಾಯಿಗೆ ಕರ್ಚೀಫು ತುರುಕಿಕೊಂಡಳು.

"ದೇವಯ್ಯನವರ ಮೊಮ್ಮಗಳು, ತಂದೆ. ಇದು ಅವಳದೇ ಊರು ಎಂದು ಅವಳಿಗೆ ಧೈರ್ಯ ಕೊಡು. ನಾನು ಯಾರಿಗೆ ಓಟು ಹಾಕುತ್ತೇನೆಂದು ನಿನಗೆ ಗೊತ್ತು, ಈ ಮೈಕಿನಲ್ಲಿ ಅದನ್ನು ಹೇಳುವುದಿಲ್ಲ. ಆಮೆನ್."

ಹೊರಗೆ ಬಂದ ಮೇಲೆ ಪಾರ್ವತಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತರು. "ನನ್ನ ಮಗನ್ನ ಅಷ್ಟು ಜನದ ಮುಂದೆ ಬೈದ್ಬುಟ್ಟೆಯಲ್ಲ ಕೃಪಮ್ಮ."

"ಬೈಲಿಲ್ಲ ಪಾರ್ವತಕ್ಕ. ಬೇಡ್ಕೊಂಡೆ."

"ದಿನಾ ನಾನು ಬೇಡ್ಕೊಳ್ಳೋದೂ ಅದನ್ನೇ ಕಣಮ್ಮ. ನಂಗೆ ಮೈಕಿರ್ಲಿಲ್ಲ ಅಷ್ಟೆ." ಹಾಗೆಂದವರೇ ನನ್ನವಳ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡರೆಂದರೆ, ಆಟೋ ಹತ್ತುವವರೆಗೂ ಬಿಡಲಿಲ್ಲ.

ಮಾತಿನ ಪ್ರಕಾರ ಅಂದೇ ಮಧ್ಯಾಹ್ನ ದೇವಯ್ಯನವರ ಫೋನು ಬಂತು. ಇಪ್ಪತ್ತಾರು ವರ್ಷ ಎರಡು ವಾಕ್ಯದಲ್ಲಿ ಮುಗಿಯಿತು. ಸೋಮವಾರ ಅಭ್ಯಾಸಬಲದಿಂದ ನೋಟ್‌ಬುಕ್ ಹಿಡಿದು ಹೊರಟವಳು ಮೂಲೆಯ ಹಾಲಿನ ಬೂತಿನಿಂದಲೇ ವಾಪಸು ಬಂದು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತಳು. ನನಗೆ ಸಮಾಧಾನ ಮಾಡುವ ವಿದ್ಯೆ ಗೊತ್ತಿಲ್ಲ. ಪಕ್ಕದಲ್ಲಿ ಕೂತು ಹುರುಳಿಕಾಯಿ ಬಿಡಿಸಿದೆ.

ಗುರುವಾರ ಓಟು, ಶನಿವಾರ ಎಣಿಕೆ. ಗುರುಕಿರಣ್ ಅರವತ್ತಮೂರು ಓಟಿನಿಂದ ಗೆದ್ದ. ಬೀದಿಯಲ್ಲಿ ತಮಟೆ, ಪಟಾಕಿ, ಪಾರ್ವತಮ್ಮನ ಕುಣಿತ. ಹಾರದ ಸಮೇತ ಬಂದು ಕಾಲಿಗೆ ಬಿದ್ದವನನ್ನು ಕೃಪಾ ಎಬ್ಬಿಸಿ, "ಬಾಯಿ ವಾಪಸು ಬಂತೇನೋ?" ಎಂದಳು. ಅವನು ನಗಲು ಹೋಗಿ ನಗಲಾರದೆ, "ಅಮ್ಮ ಎಲ್ಲಾ ಹೇಳಿದ್ರು ಆಂಟಿ," ಎಂದಷ್ಟೇ ಹೇಳಿ ತಲೆ ತಗ್ಗಿಸಿದ. ಬರುತ್ತದೋ ಇಲ್ಲವೋ ನೋಡಬೇಕು.

ಮಾರನೇ ದಿನ ಚರ್ಚಿನಲ್ಲಿ ಮೈಕಿನ ಮುಂದೆ ನಿಂತವರು ಖುದ್ದು ದೇವಯ್ಯನವರೇ. ಕಮಿಟಿಯಲ್ಲಿ ಬೇರೆ ಯಾರೂ ಆ ಜಾಗದಲ್ಲಿ ನಿಲ್ಲಲು ಒಪ್ಪಿರಲಿಲ್ಲವಂತೆ. ಕೃಪಾ ನನ್ನ ಪಕ್ಕ ಮೂರನೇ ಸಾಲಿನಲ್ಲಿ, ಖಾಲಿ ಕೈಗಳನ್ನು ಮಡಿಲಲ್ಲಿಟ್ಟು ಕೂತಿದ್ದಳು. ನಮ್ಮಲ್ಲೊಂದು ಹಳೇ ಪದ್ಧತಿ ಇದೆ. ಗೆದ್ದವರು ಯಾವ ಪಕ್ಷದವರೇ ಇರಲಿ, ಫಲಿತಾಂಶ ಬಂದ ಮೇಲಿನ ಭಾನುವಾರ ಅವರ ಹೆಸರು ಹೇಳಿ ಪ್ರಾರ್ಥಿಸಲೇಬೇಕು. ಕಾಯಿಲೆಯವರನ್ನು ಒಂದೇ ಗುಂಪಿನಲ್ಲಿ ಮುಗಿಸಿದ ದೇವಯ್ಯನವರು ಅಲ್ಲಿಗೆ ಬಂದು ತಲುಪಿದರು.

"ನಮ್ಮ ವಾರ್ಡಿಗೆ ಹೊಸದಾಗಿ ಆರಿಸಿ ಬಂದಿರುವ... ಆರಿಸಿ ಬಂದಿರುವ..."

ನಿಂತುಬಿಟ್ಟರು. ಪ್ರಾರ್ಥನೆ ಮುಗಿಯಿತೆಂದುಕೊಂಡು ಕೀಬೋರ್ಡಿನ ಹುಡುಗಿ ಒಂದು ಸಾಲು ನುಡಿಸಿಯೇಬಿಟ್ಟಳು. ಅಯ್ಯನವರು ಕಣ್ಣು ಬಿಟ್ಟು ನೋಡಿದ ಮೇಲೆ ನಿಲ್ಲಿಸಿದಳು. ಹಿಂದಿನ ಸಾಲುಗಳಲ್ಲಿ ಯಾರೋ ಕಿಸಕ್ಕೆಂದರು. ದೇವಯ್ಯನವರು ಮೈಕನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. ಆ ಮನುಷ್ಯನಿಗೆ ಹೆಸರು ಮರೆತಿರಲಿಲ್ಲ, ಅದು ಬಾಯಿಗೆ ಬರುತ್ತಿರಲಿಲ್ಲ. ವಾರವಿಡೀ ಅವರನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದ ನನಗೇ ಅಯ್ಯೋ ಪಾಪ ಎನ್ನಿಸಿತು.

ಕೊನೆಗೆ ಅವರು ತಂತಿಯಿಲ್ಲದ ಆ ಮೈಕನ್ನು ಹಿಡಿದುಕೊಂಡೇ ಇಳಿದು ಬಂದು, ಮೂರನೇ ಸಾಲಿನ ಹತ್ತಿರ ನಿಂತು, ಅದನ್ನು ನನ್ನವಳ ಮುಂದೆ ಚಾಚಿದರು.

"ನನ್ನ ಕೈಲಾಗಲ್ಲ ಟೀಚರ್. ನೀವೇ ತಗೊಳ್ಳಿ."

ಇಪ್ಪತ್ತಾರು ವರ್ಷದ ಮೈಕು ಕೈಯಳತೆಯಲ್ಲಿ ಬಂದು ನಿಂತಿತ್ತು. ತಗೋ, ತಗೋ ಎಂದು ನಾನು ಮೊಣಕೈಯಿಂದ ತಿವಿದೆ. ಅವಳ ಕೈ ಎದ್ದದ್ದೂ ನಿಜ. ಆದರೆ ಆ ಕೈ ಮೈಕನ್ನು ಹಿಡಿಯದೆ, ಅದನ್ನು ಹಿಡಿದಿದ್ದ ದೇವಯ್ಯನವರ ಕೈಯನ್ನು ಹಿಡಿದು ಮೆಲ್ಲಗೆ ಅವರ ಬಾಯಿಯ ಹತ್ತಿರ ಒಯ್ದಿತು.

"ನಾನು ಹೇಳಿದ್ರೆ ಒಂದು ಹೆಸರು ಅಷ್ಟೆ ಸರ್. ನೀವು ಹೇಳಿದ್ರೆ ಅದು ಪ್ರಾರ್ಥನೆ. ನೀವೇ ಹೇಳಿ. ನಾನು ಪಕ್ಕದಲ್ಲೇ ನಿಂತಿರ್ತೀನಿ," ಎಂದು ಎದ್ದು ನಿಂತಳು.

ದೇವಯ್ಯನವರು ಕಣ್ಣು ಮುಚ್ಚಿದರು.

"ಗುರುಕಿರಣ್," ಎಂದರು. ಆಮೇಲೆ ಮೈಕನ್ನು ತಾವೇ ಇನ್ನಷ್ಟು ಹತ್ತಿರ ತಂದು, "ನನ್ನ ಮೊಮ್ಮಗಳಿಗೂ ಅವನೇ ಕಾರ್ಪೊರೇಟರು, ಕರ್ತನೇ. ಅದು ಅವನಿಗೆ ನೆನಪಿರಲಿ," ಎಂದರು.

ನನ್ನ ಹೆಂಡತಿಯ ಆಮೆನ್ ಮೈಕಿಲ್ಲದೆಯೇ ಬೀದಿಗೆ ಕೇಳಿಸಿತು.