ಮುಕ್ಕಾಲು ಮಾಸ್ಟರ ಏಳನೇ ಗುಂಡಿ

ಮಹಾಪುರುಷರಿಗೆಲ್ಲ ಒಂದೊಂದು ಲಾಂಛನವಿರುತ್ತದೆ. ಒಬ್ಬರಿಗೆ ಗದೆ, ಒಬ್ಬರಿಗೆ ಬಿಲ್ಲು, ಏನೂ ಇಲ್ಲದವರಿಗೆ ಮೀಸೆಯಾದರೂ. ನಮ್ಮ ಬೀದಿಯ ದರ್ಜಿ ಮುಕ್ಕಾಲು ಮಾಸ್ಟರಿಗೆ ಇದ್ದದ್ದು ಏಳನೇ ಗುಂಡಿ. ಇದ್ದದ್ದು ಅಂದರೆ ತಪ್ಪಾಗುತ್ತದೆ, ಇಲ್ಲದ್ದು. ಅವರು ಹೊಲಿದ ಶರ್ಟಿಗೆ ಕಾಜಾ ಏಳು, ಗುಂಡಿ ಆರು. ಕುತ್ತಿಗೆಯಲ್ಲಿ ಶುರುವಾದ ಸಾಲು ಕವಾಯತಿನ ಸಿಪಾಯಿಗಳ ಹಾಗೆ ನೆಟ್ಟಗೆ ಹೊಟ್ಟೆಯವರೆಗೆ ಇಳಿದು, ಕೊನೆಯ ಕಾಜಾದ ಎದುರಿಗೆ ಬಂದರೆ ಬಟಾಬಯಲು.

ಈ ಬಯಲಿನ ಬಗ್ಗೆ ಬೀದಿಯಲ್ಲಿ ನಡೆದಷ್ಟು ಶಾಸ್ತ್ರಾರ್ಥ ಸೃಷ್ಟಿಯ ಮೂಲದ ಬಗ್ಗೆಯೂ ನಡೆದಿರಲಾರದು. ನಿವೃತ್ತ ಹೆಡ್‌ಮಾಸ್ಟರರ ವಾದ, "ಪೂರ್ತಿ ಆಯ್ತು ಅಂದ್ರೆ ಕಲೆ ಸತ್ತಂಗೆ. ದೊಡ್ಡ ಕಲಾವಿದ ಒಂದನ್ನ ಬಾಕಿ ಇಟ್ಟೇ ಇಡ್ತಾನೆ." ಕ್ಷೌರದಂಗಡಿಯವನು ವಿಜ್ಞಾನದ ಕಡೆ. "ಊಟ ಆದ್ಮೇಲೆ ಹೊಟ್ಟೆ ಎಲ್ಲಿಗೆ ಹೋಗ್ಬೇಕು ಸಾರ್? ಮಾಸ್ಟ್ರು ಅದಕ್ಕೆ ಬಾಗಿಲು ಬಿಟ್ಟಿದಾರೆ." ಒಮ್ಮೆ ದಾರಿ ತಪ್ಪಿ, ಹೆಸರು ವಿಳಾಸ ಎಲ್ಲ ಮರೆತು, ಊರಿನ ಆ ತುದಿಯಲ್ಲಿ ಕೂತಿದ್ದ ಮುದುಕರೊಬ್ಬರನ್ನು ಪೊಲೀಸಿನವನು ನೇರವಾಗಿ ನಮ್ಮ ಬೀದಿಗೇ ತಂದು ಬಿಟ್ಟ. ಹೇಗೆ ಗೊತ್ತಾಯಿತಪ್ಪಾ ಎಂದು ಕೇಳಿದರೆ ಮುದುಕರ ಶರ್ಟಿನ ತುದಿ ಎತ್ತಿ ತೋರಿಸಿದ. ಅಂದಿನಿಂದ ಆ ಖಾಲಿ ಜಾಗಕ್ಕೆ ಸರ್ಕಾರದ ಮೊಹರೂ ಬಿದ್ದಂತಾಯಿತು.

ಮಾಸ್ಟರನ್ನೇ ಕೇಳಿದವರು ಯಾರೂ ಇಲ್ಲ. ಕೇಳಿದರೆ ಮಜಾ ಹೋಗುತ್ತದಲ್ಲ.

ಮುಕ್ಕಾಲು ಅನ್ನುವ ಹೆಸರು ಗುಂಡಿಯಿಂದ ಮಾತ್ರ ಬಂದದ್ದಲ್ಲ. ಅವರ ಅಂಗಡಿಗೆ ಮುಕ್ಕಾಲು ಭಾಗ ಸುಣ್ಣ ಬಳಿದಿತ್ತು. ಹಿಂದಿನ ಗೋಡೆ ಎಂಟು ವರ್ಷದಿಂದ ಕುಂಚಕ್ಕೆ ಕಾಯುತ್ತಿತ್ತು. ಕತ್ತರಿಸುವ ಮೇಜಿನ ಮೇಲೆ ಯಾವ ಹೊತ್ತಿಗೆ ಹೋದರೂ ತೋಳಿಲ್ಲದ ಶರ್ಟು ಮೂರು, ಕಾಲಿಲ್ಲದ ಪ್ಯಾಂಟು ಎರಡು, ಯುದ್ಧ ಮುಗಿದ ಮೈದಾನದ ಹಾಗೆ. ಕೊರಳಲ್ಲಿ ಟೇಪು ಹಾಕಿಕೊಂಡೇ ಟೇಪು ಹುಡುಕುವರು. ಒಂದು ತೋಳು ಹೊಲಿಯುತ್ತ ಬಾಬಿನ್ನಿನಲ್ಲಿ ದಾರ ಮುಗಿಯಿತೆಂದು ಎದ್ದರೆ, ದಾರದ ಡಬ್ಬಿಯಲ್ಲಿ ತುಕ್ಕು ಹಿಡಿದ ಸೂಜಿ ಕಂಡು, ಸೂಜಿ ಉಜ್ಜಲು ಎಣ್ಣೆ ತೆಗೆದು, ಎಣ್ಣೆ ಕಂಡದ್ದೇ ಬಾಗಿಲ ಕೀಲಿನ ಕಿರುಗುಟ್ಟುವಿಕೆ ನೆನಪಾಗಿ, ಕೀಲಿಗೆ ಎಣ್ಣೆ ಬಿಡುವಾಗ ಎದುರಿಗೆ ಯಾರೋ ಸೈಕಲ್ಲು ರಿಪೇರಿ ಮಾಡುತ್ತಿರುವುದು ಕಂಡು, ಅಲ್ಲಿಗೆ. ಇಸ್ತ್ರಿಪೆಟ್ಟಿಗೆ ಮಾತ್ರ ಪ್ರಾಮಾಣಿಕವಾಗಿ ತನ್ನ ಕೆಲಸ ಮುಂದುವರಿಸಿ ಯಾರದೋ ಬೆನ್ನಿನ ಮೇಲೆ ಕಂದು ಬಣ್ಣದ ತ್ರಿಕೋನ ಬರೆದಿರುತ್ತಿತ್ತು.

ಆದರೂ ಕತ್ತರಿ ಹಿಡಿದರೆ ಅವರ ಕೈಯೇ ಕೈ. ಒಂದು ಸಲ ಕಣ್ಣಾಡಿಸಿ ಭುಜದ ಅಳತೆ ಹೇಳಿಬಿಡುವರು. ಆ ಕೈಗೆ ಮರುಳಾಗಿಯೇ ಜನ ಆರು ಗುಂಡಿಗೆ ಒಗ್ಗಿದ್ದು.

ಐದು ವರ್ಷದ ಹಿಂದೆ ಕತ್ತರಿಯೂ ನಿಂತಿತು. ಮಾಸ್ಟರು ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದವರು ಹನ್ನೊಂದು ದಿನ ತಿರುಗಲಿಲ್ಲ. ಅಂಗಡಿಯ ಅಂಚು ಹೊಲಿಗೆ, ಗಿರಾಕಿಯ ಬೈಗುಳ ಎರಡನ್ನೂ ನೋಡಿಕೊಳ್ಳುತ್ತಿದ್ದ ಹೆಂಡತಿ ಕೊನೆಗೆ ಅವರನ್ನು ಎಬ್ಬಿಸಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು. ಖಿನ್ನತೆ ಎಂದರು. ಮಾತ್ರೆ ಕೊಟ್ಟರು. ನಿಧಾನಕ್ಕೆ ಅಳು ನಿಂತಿತು, ಊಟ ಸೇರಿತು, ಕತ್ತರಿ ಮತ್ತೆ ಓಡಿತು. ಏಳನೇ ಗುಂಡಿ ಮಾತ್ರ ಬರಲಿಲ್ಲ. ಬಯ್ಯಿಸಿಕೊಳ್ಳುವುದೂ ತಪ್ಪಲಿಲ್ಲ. ವರ್ಷಕ್ಕೊಮ್ಮೆಯೋ ಎರಡು ಸಲವೋ ಗೋಡೆ ಮತ್ತೆ ಕರೆಯುತ್ತಿತ್ತು, ಇವರು ಹೋಗಿ ಮಲಗುತ್ತಿದ್ದರು, ಮಾತ್ರೆ ಒಂದು ಮೆಟ್ಟಿಲು ಏರುತ್ತಿತ್ತು.

ಈ ವರ್ಷ ಆಸ್ಪತ್ರೆಗೆ ಹೊಸ ಡಾಕ್ಟರಮ್ಮ ಬಂದರು. ಚಿಕ್ಕ ವಯಸ್ಸು, ದೊಡ್ಡ ಕನ್ನಡಕ. ಮಾಸ್ಟರ ದಪ್ಪ ಫೈಲು ತಿರುವಿ ಹಾಕಿ, ಅವರ ಶರ್ಟನ್ನೊಮ್ಮೆ ನೋಡಿ, "ನಿಮ್ಮ ಕೊನೇ ಗುಂಡಿ ಬಿದ್ದೋಗಿದೆ" ಅಂದರು.

"ಬಿದ್ದಿಲ್ಲ ಡಾಕ್ಟ್ರೇ. ಹಾಕೇ ಇಲ್ಲ."

"ನೀವೇ ಟೈಲರ್ ಅಲ್ವಾ?"

"ಅದೇ ಕಷ್ಟ."

ಡಾಕ್ಟರಮ್ಮ ನಗಲಿಲ್ಲ. ಬೇಜಾರು ಬರುವ ಮುಂಚೆಯೂ ಹೀಗೇನಾ ಎಂದು ಕೇಳಿದರು. ಕೆಲವರಿಗೆ ಖಿನ್ನತೆಯ ಅಡಿಯಲ್ಲಿ ಚಿಕ್ಕಂದಿನಿಂದ ಇನ್ನೊಂದು ಕೂತಿರುತ್ತೆ, ಗಮನದ ಕೊರತೆ ಅಂತ. ಎರಡೂ ನೋಡೋಕೆ ಅಕ್ಕತಂಗಿಯರ ಥರ, ಮೇಲಿನದಕ್ಕೆ ಮಾತ್ರ ಮಾತ್ರೆ ಕೊಟ್ಟರೆ ಕೆಳಗಿನದು ಹಾಗೇ ಉಳಿಯುತ್ತೆ ಎಂದು ಬಿಡಿಸಿ ಹೇಳಿದರು. ಎರಡು ಹಾಳೆ ಕೊಟ್ಟರು. ಮೊದಲನೆಯದರಲ್ಲಿ ಹದಿನೆಂಟು ಪ್ರಶ್ನೆ, ಅದನ್ನು ಮಾಸ್ಟರು ತುಂಬಬೇಕು. ಎರಡನೆಯದು ಬಾಲ್ಯದ್ದು, ಹನ್ನೆರಡು ವಯಸ್ಸಿನೊಳಗೆ ಇವರನ್ನು ಹತ್ತಿರದಿಂದ ನೋಡಿದವರು ತುಂಬಬೇಕು. ಪ್ರತಿ ಪ್ರಶ್ನೆಯ ಮುಂದೆ ಐದು ಮನೆ: ಎಂದೂ ಇಲ್ಲ, ಅಪರೂಪಕ್ಕೆ, ಕೆಲವೊಮ್ಮೆ, ಹೆಚ್ಚಾಗಿ, ಯಾವಾಗಲೂ. ಮೂರು ವಾರ ಬಿಟ್ಟು ತರಬೇಕು.

ಅಂದು ಮಾಸ್ಟರು ಆಸ್ಪತ್ರೆಯಿಂದ ನಡೆದು ಬಂದ ಠೀವಿ ನೋಡಬೇಕಿತ್ತು. ರಾಜ್ಯ ಗೆದ್ದು ಬಂದ ಹಾಗೆ. ಕ್ಷೌರದಂಗಡಿಯ ಬೆಂಚಿನ ಮೇಲೆ ಕೂತು ಹೇಳಿದರು, "ನಂಗೆ ವಾಸಿ ಆಗ್ಬೇಕು ಅಂತೇನಿಲ್ಲ ಕಣ್ರೋ. ಇದು ಕಾಯಿಲೆನೋ, ಇಲ್ಲ ನಾನೇ ಇಂಥ ಮನುಷ್ಯನೋ? ಅದೊಂದು ಗೊತ್ತಾಗ್ಬಿಟ್ರೆ ಸಾಕು."

ಬೆಂಚಿನ ಮೇಲಿದ್ದ ನಾವು ನಾಲ್ವರೂ ಒಟ್ಟಿಗೇ ನಮ್ಮ ನಮ್ಮ ಏಳನೇ ಕಾಜಾ ನೋಡಿಕೊಂಡೆವು.

ಇನ್ನು ಹಾಳೆಯ ಕಥೆ. ಕೆಲಸ ಮುಗಿಸಲಾಗದವನನ್ನು ಕಂಡುಹಿಡಿಯುವುದಕ್ಕೆ, ಮುಗಿಸಿಕೊಂಡು ಬಾ ಎಂದು ಒಂದು ಕೆಲಸ ಕೊಡುವುದು ಈಜು ಬರುತ್ತದೋ ಇಲ್ಲವೋ ನೋಡಲು ಬಾವಿಗೆ ತಳ್ಳಿದ ಹಾಗೆ. ಮಾಸ್ಟರು ಧುಮುಕಿದರು. ಮೊದಲ ದಿನವೇ ಹನ್ನೊಂದು ಪ್ರಶ್ನೆ! ಹನ್ನೆರಡನೆಯದಕ್ಕೆ ಪೆನ್ನು ನಿಂತಿತು. ಇನ್ನೊಂದು ಪೆನ್ನು ಹುಡುಕಲು ಎದ್ದರು. ಆ ಹುಡುಕಾಟ ಒಂಬತ್ತು ದಿನ ನಡೆಯಿತು.

ಹತ್ತನೆಯ ದಿನ ಹೆಡ್‌ಮಾಸ್ಟರರ ಶರ್ಟಿಗೆ ಕಾಲರು ಕತ್ತರಿಸಬೇಕಿತ್ತು. ಮಾಸ್ಟರ ಪದ್ಧತಿಯೇನೆಂದರೆ, ಪ್ರತಿ ಕುತ್ತಿಗೆಗೂ ಹೊಸದಾಗಿ ಕಾಗದದಲ್ಲಿ ಕಾಲರಿನ ಆಕಾರ ಕತ್ತರಿಸಿ, ಅದನ್ನು ಬಟ್ಟೆಯ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದು. ಹಳೆಯ ಪತ್ರಿಕೆ ಮೆತ್ತಗೆ, ಮಡಚಿಕೊಳ್ಳುತ್ತದೆ. ಕೈಗೆ ಸಿಕ್ಕಿದ್ದು ಗಟ್ಟಿ, ಬಿಳಿ, ಆಸ್ಪತ್ರೆಯ ಕಾಗದ. ಮಧ್ಯಾಹ್ನ ಹೆಂಡತಿ ಊಟಕ್ಕೆ ಕರೆಯಲು ಬಂದಾಗ ಕಾಲರಿನ ಮೇಲೆ ಅಚ್ಚಾದ ಅಕ್ಷರಗಳಲ್ಲಿ 'ಹೆಚ್ಚಾಗಿ, ಯಾವಾಗಲೂ' ಎಂದಿತ್ತು.

"ರೀ! ಏನಿದು?"

"ಹೆಡ್‌ಮಾಸ್ಟರ ಕಾಲರು. ಹದಿನಾರೂವರೆ."

"ನಿಮ್ಮ ತಲೆ ಹದಿನಾರೂವರೆ! ಇದು ನಿಮ್ಮ ಪರೀಕ್ಷೆ ಕಾಗದ ಕಣ್ರೀ!"

ಮಾಸ್ಟರು ಕಾಗದವನ್ನು ನೋಡಿದರು, ಕತ್ತರಿಯನ್ನು ನೋಡಿದರು, ಕುರ್ಚಿಯಲ್ಲಿ ಕೂತರು. ಅವರು ತಿರುಗಿ ಸುಣ್ಣ ಕಾಣದ ಗೋಡೆಯ ಕಡೆ ನೋಡತೊಡಗಿದಾಗ ಹೆಂಡತಿ ಅವರ ಕುರ್ಚಿಯನ್ನೇ ಮೇಜಿನ ಕಡೆ ತಿರುಗಿಸಿದಳು. ಅವಳೇ ಕೂತು ಕತ್ತರಿಸಿದ್ದನ್ನು ಗುಂಡುಪಿನ್ನುಗಳಿಂದ ಜಾಗಕ್ಕೆ ಕೂರಿಸಿ, ಉಳಿದ ಏಳು ಪ್ರಶ್ನೆಗಳನ್ನು ಒಂದೊಂದಾಗಿ ಓದಿ, ಗಂಡನ ಬಾಯಿಂದ ಉತ್ತರ ಬರುವವರೆಗೂ ಅನ್ನ ಬಡಿಸಲಿಲ್ಲ.

ಎರಡನೆಯ ಹಾಳೆ ಅಕ್ಕನ ಪಾಲಿಗೆ. ತಾಯಿ ಹೋದಾಗ ಮಾಸ್ಟರಿಗೆ ಆರು ವರ್ಷ, ಅಕ್ಕನಿಗೆ ಹದಿನಾರು. ಸಾಕಿದವಳು ಅವಳೇ. ಅಂಚೆ ಕಚೇರಿಯಲ್ಲಿ ಮೂವತ್ತೆರಡು ವರ್ಷ ಮೊಹರು ಒತ್ತಿ ನಿವೃತ್ತಳಾದವಳು. ಅವಳು ಒತ್ತಿದ ಮೊಹರು ಒಂದೂ ಓರೆಯಾಗಿರಲಿಲ್ಲವಂತೆ. ಹಾಳೆ ಇಸಿದುಕೊಂಡು, ಕನ್ನಡಕ ಒರೆಸಿ, ಅಡಿಕೋಲು ಇಟ್ಟು, ಮೇಲಿನಿಂದ ಕೆಳಗೆ ಒಂದೇ ಸಾಲಿನಲ್ಲಿ ಗುರುತು ಹಾಕಿ ಐದು ನಿಮಿಷದಲ್ಲಿ ವಾಪಸು ಕೊಟ್ಟಳು. ಎಂದೂ ಇಲ್ಲ. ಎಂದೂ ಇಲ್ಲ. ಕೊನೆಯವರೆಗೂ ಎಂದೂ ಇಲ್ಲ.

ಮಾಸ್ಟರ ಹೆಂಡತಿ ಬೆಚ್ಚಿದಳು. "ಅತ್ತಿಗೆ, ಚೀಲ ಮನೇಲೇ ಬಿಟ್ಟು ಸ್ಕೂಲಿಗೆ ಹೋಗ್ತಿದ್ರು ಅಂತ ನೀವೇ ಹೇಳ್ತಿದ್ರಲ್ಲ?"

"ಯಾವ ಮಕ್ಕಳು ಬಿಟ್ಟು ಹೋಗಲ್ಲ?"

"ವಾರಕ್ಕೆ ನಾಲ್ಕು ದಿನಾನಾ?"

"ನೋಡಮ್ಮ, ನನ್ನ ತಮ್ಮಂಗೆ ಚಿಕ್ಕಂದಲ್ಲಿ ಏನೂ ಆಗಿರ್ಲಿಲ್ಲ. ನಾನು ನೆಟ್ಟಗೇ ಬೆಳೆಸಿದೀನಿ. ಆಮೇಲೆ ಏನಾಯ್ತೋ, ಅದು ಮದುವೆ ಆದ್ಮೇಲಿನ ಮಾತು."

ಇದರ ಮೇಲೆ ನಡೆದದ್ದನ್ನು ಬರೆಯುವುದು ಬೇಡ. ಎತ್ತು ಏರಿಗೆ, ಕೋಣ ನೀರಿಗೆ. ಮಾಸ್ಟರು ನಡುವೆ ನಿಂತು ಗೋಡೆಯ ಗಡಿಯಾರ ಎರಡು ನಿಮಿಷ ಹಿಂದಿದೆಯೆಂದು ಅದನ್ನು ಇಳಿಸಿ ಬಿಚ್ಚುತ್ತಿದ್ದರು.

ಹೇಳಿದ ದಿನ ಮೂವರೂ ಹೋದರು. ಅಲ್ಲಿ ನಡೆದದ್ದನ್ನು ಬೀದಿಗೆ ಹೇಳಿದವಳು ಮಾಸ್ಟರ ಹೆಂಡತಿ. ಉತ್ಪ್ರೇಕ್ಷೆಯೇನಾದರೂ ಸೇರಿದ್ದರೆ ಅದು ನನ್ನದು. ಡಾಕ್ಟರಮ್ಮ ಮೊದಲ ಹಾಳೆ ತೆಗೆದುಕೊಂಡರು, ಪಿನ್ನು ಚುಚ್ಚಿಸಿಕೊಂಡರು, ಬೆರಳು ಬಾಯಿಗಿಟ್ಟುಕೊಂಡೇ ಅಂಕ ಕೂಡಿದರು. ತುಂಬ ಇತ್ತು. ಎರಡನೆಯದನ್ನು ತಿರುಗಿಸಿದರು. ಸೊನ್ನೆ. ಅತ್ತಿಂದಿತ್ತ ಎರಡು ಸಲ ನೋಡಿದರು.

"ಚಿಕ್ಕಂದಲ್ಲಿ ಏನೂ ಇರ್ಲಿಲ್ಲ ಅಂದ್ರೆ ನಾನು ಮುಂದಕ್ಕೆ, ದೊಡ್ಡ ಡಾಕ್ಟ್ರ ಹತ್ರ ಕಳಿಸೋಕೆ ಆಧಾರ ಇರಲ್ಲ. ಈ ಮರೆವು, ಅರ್ಧಕ್ಕೆ ಬಿಡೋದು, ಎಲ್ಲಾ ಖಿನ್ನತೆಯಿಂದಲೇ ಅಂತ ಇಟ್ಕೋಬೇಕಾಗುತ್ತೆ. ಸದ್ಯಕ್ಕೆ ಹಳೇ ಮಾತ್ರೆನೇ." ಮಾಸ್ಟರ ಕಡೆ ತಿರುಗಿದರು. "ನೀವೇನಂತೀರಿ?"

ಹೆಂಡತಿ ಕುರ್ಚಿಯ ತುದಿಗೆ ಸರಿದಳು. ಮೂರು ವಾರ ಈ ಒಂದು ಪ್ರಶ್ನೆಗಾಗಿಯೇ ಬದುಕಿದ್ದ ಮನುಷ್ಯ ಈಗಲಾದರೂ ಬಾಯಿ ಬಿಡುವನೆಂದು.

"ಅಕ್ಕ ಹೇಳಿದ್ರೆ ಸರಿ ಇರುತ್ತೆ ಡಾಕ್ಟ್ರೇ," ಅಂದರು ಮಾಸ್ಟರು. "ಅವಳದು ಯಾವುದೂ ತಪ್ಪಾಗಲ್ಲ. ಹಂಗಾದ್ರೆ ನಾನೇ ಹೀಗೆ."

ಸಿಟ್ಟಿಲ್ಲ, ವ್ಯಂಗ್ಯವಿಲ್ಲ. ಬಟ್ಟೆ ಸಾಲುವುದಿಲ್ಲ ಎಂದು ಗಿರಾಕಿಗೆ ಹೇಳುವ ಧ್ವನಿ. ಹೇಳಿ, ಕುರ್ಚಿಯಿಂದ ಎದ್ದೂಬಿಟ್ಟರು.

"ಕೂತ್ಕೊಳೋ," ಅಂದಳು ಅಕ್ಕ.

ಆಮೇಲೆ ಅವಳು ಡಾಕ್ಟರಮ್ಮನ ಮೇಜಿನ ಮೇಲಿದ್ದ ಪೆನ್ನಿನ ಡಬ್ಬಿಗೆ ಹೇಳಿದಳು, ಯಾರ ಮುಖವನ್ನೂ ನೋಡದೆ. ಸೀಮೆಎಣ್ಣೆಗೆ ಕಳಿಸಿದರೆ ಮೂರು ಗಂಟೆ ಬಿಟ್ಟು, ರಸ್ತೆಗೆ ಟಾರು ಹಾಕುವವರ ಹತ್ತಿರ ಸಿಗುತ್ತಿದ್ದ. ಡಬ್ಬಿ ಎಲ್ಲಿ ಅಂದರೆ ಯಾವ ಡಬ್ಬಿ ಅನ್ನುತ್ತಿದ್ದ. ಒಂದೇ ಚಪ್ಪಲಿ ಹಾಕಿಕೊಂಡು ಬಂದಿದ್ದು ಎಷ್ಟು ಸಲವೋ. ಲೆಕ್ಕದ ಪರೀಕ್ಷೆಯಲ್ಲಿ ಕೊನೆಯ ಪುಟ ತಿರುಗಿಸಿಯೇ ನೋಡಿರಲಿಲ್ಲ. "ಬರ್ಕೊಳ್ಳಿ. ಎಲ್ಲಾದಕ್ಕೂ ಯಾವಾಗಲೂ ಅಂತ ಬರ್ಕೊಳ್ಳಿ."

ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು. "ಅಮ್ಮಾ, ಎಲ್ಲಾದಕ್ಕೂ ಎಂದೂ ಇಲ್ಲ ಅಂದ್ರೂ ನಂಗೆ ಕಷ್ಟ, ಎಲ್ಲಾದಕ್ಕೂ ಯಾವಾಗಲೂ ಅಂದ್ರೂ ಕಷ್ಟ. ಒಂದೊಂದೇ ಕೇಳ್ತೀನಿ, ಹೇಳಿ."

ಒಂದೊಂದೇ ಕೇಳಿದರು. ಅರ್ಧ ಗಂಟೆ ಹಿಡಿಯಿತು; ಹೊರಗೆ ಕಾಯುತ್ತಿದ್ದವರು ಎರಡು ಸಲ ಬಾಗಿಲು ತಟ್ಟಿದರು. ಕೊನೆಗೆ ಡಾಕ್ಟರಮ್ಮ ಹೇಳಿದ್ದು ಇಷ್ಟು: ಅನುಮಾನ ಬಲವಾಗಿದೆ. ಆದರೆ ಇದು ಜರಡಿ ಮಾತ್ರ, ತೀರ್ಪಲ್ಲ. ತೀರ್ಪು ಕೊಡುವವರು ಬೇರೆ, ಅವರು ಇಲ್ಲಿಗೆ ತಿಂಗಳಿಗೊಮ್ಮೆ ಬರುತ್ತಾರೆ, ಸರತಿ ಉದ್ದವಿದೆ. ಹನ್ನೊಂದು ವಾರದ ಮೇಲಿನ ಒಂದು ತಾರೀಖನ್ನು ಚೀಟಿಯಲ್ಲಿ ಬರೆದು ಮಾಸ್ಟರ ಕೈಗೆ ಕೊಟ್ಟರು. ಅಲ್ಲಿಯವರೆಗೆ ಹಳೇ ಮಾತ್ರೆ.

ಹೆಂಡತಿ ಮಾತ್ರೆಯ ಸಾಲಿಗೆ ಹೋದಳು. ಅಕ್ಕ ತಮ್ಮ ಹೊರಗಿನ ಕಬ್ಬಿಣದ ಬೆಂಚಿನ ಮೇಲೆ ಕೂತರು. ಹೆಂಡತಿ ಸಾಲಿನ ತುದಿಯಲ್ಲೇ ನಿಂತಿದ್ದರಿಂದ ಅವಳಿಗೆ ಮಾತು ಕೇಳಿಸುತ್ತಿತ್ತು.

ಅಕ್ಕ ಸೆರಗಿನ ಅಂಚು ಉಜ್ಜುತ್ತಿದ್ದಳು. ಆಮೇಲೆ ಕೇಳಿದಳು, "ಲೋ. ಅವರು ಕಾಯಿಲೆನೇ ಅಂತ ಹೇಳ್ಬಿಟ್ರೆ, ನಾನು ಹೊಡೆದಿದ್ದೆಲ್ಲ ಏನೋ?"

ಮಾಸ್ಟರು ಶರ್ಟಿನ ಜೇಬಿಗೆ ಕೈ ಹಾಕಿ ಏನೋ ಹುಡುಕುತ್ತಿದ್ದರು.

"ಎರಡು ಅಡಿಕೋಲು ಮುರಿದಿದೀನಿ ಕಣೋ ನಿನ್ನ ಮೇಲೆ. ಆ ಸೀಮೆಎಣ್ಣೆ ದಿನ ಅಂತೂ, ಬಾಗಿಲು ಹಾಕ್ಕೊಂಡು... ಅದಕ್ಕೇ ಕಣೋ ಎಂದೂ ಇಲ್ಲ ಅಂತ ಬರೆದೆ. ಬೇಕೂಂತಲೇ ಮಾಡ್ತೀಯ, ನಿಂಗೆ ಕೊಬ್ಬು ಅಂದ್ಕೊಂಡಿದ್ದೆ. ನಲವತ್ತು ವರ್ಷ ಹಂಗೇ ಅಂದ್ಕೊಂಡಿದ್ದೆ." ಅವಳು ಸೆರಗು ಬಿಟ್ಟು ತಮ್ಮನ ಕಡೆ ತಿರುಗಿದಳು. "ನನ್ನ ಮೇಲೆ ಸಿಟ್ಟಿಲ್ವೇನೋ ನಿಂಗೆ?"

ಮಾಸ್ಟರು ಜೇಬಿನಿಂದ ಕೈ ತೆಗೆದರು. ಪ್ಯಾಂಟಿನ ಎರಡೂ ಜೇಬು ತಡವಿದರು. ಬೆಂಚಿನ ಕೆಳಗೆ ಬಗ್ಗಿ ನೋಡಿ, ಎದ್ದು ಕೂತರು.

"ನಂಗೆ ಅದ್ಯಾವುದೂ ನೆನಪಿಲ್ಲ ಅಕ್ಕ. ಡಾಕ್ಟ್ರು ಯಾವ ತಾರೀಖು ಅಂದ್ರು?"